ಹವಳಕ್ಕೆ ಫೇಲಾದ ನೀರು

"ಬೇಡ ಅಂದೆನಲ್ಲ! ಕ್ಯಾನ್ ವಾಪಸ್ ತಗೊಂಡು ಹೋಗಿ."

ಬಾಗಿಲಿಗೆ ಅಡ್ಡವಾಗಿ ನಿಂತು ಅವಳು ಹೇಳಿದಳು. ಎದುರಿಗಿದ್ದವನು ಎರಡೂ ಕೈಯಲ್ಲಿ ಇಪ್ಪತ್ತು ಲೀಟರಿನ ಒಂದೊಂದು ಕ್ಯಾನ್ ಹಿಡಿದು, ಮೂರು ಮಹಡಿ ಹತ್ತಿ ಬಂದು ಏದುಸಿರು ಬಿಡುತ್ತಿದ್ದ. ಆದರೂ ಮುಖದಲ್ಲಿ ನಗು! ಅವಳಿಗೆ ಸಿಟ್ಟು ಬಂದದ್ದೇ ಆ ನಗುವಿಗೆ.

"ಇದು ನಿಮಗಲ್ಲ ಮೇಡಂ, ಅಜ್ಜಿಯ ಮೀನಿನ ತೊಟ್ಟಿಗೆ. ನಾಲ್ಕು ವರ್ಷದಿಂದ ಪ್ರತಿ ಭಾನುವಾರ ನಾನೇ ತಂದುಕೊಡ್ತಿದ್ದೀನಿ."

"ಅಜ್ಜಿ ಮಾವನ ಮನೆಗೆ ಹೋಗಿದ್ದಾರೆ. ಇನ್ನು ಆರು ವಾರ ನಾನಿಲ್ಲಿರ್ತೀನಿ, ಆ ತೊಟ್ಟಿ ನನ್ನ ಜವಾಬ್ದಾರಿ. ನಲ್ಲಿಯಲ್ಲಿ ಚೆನ್ನಾಗಿ ನೀರು ಬರುವಾಗ ಕ್ಯಾನ್ ಯಾಕೆ? ಈ ಊರಿನ ನೀರನ್ನ ದಿನಾ ಪರೀಕ್ಷೆ ಮಾಡಿ ಪಾಸು ಮಾಡೋಳು ಯಾರು ಗೊತ್ತಾ? ನಾನು!"

ಅವನು ಕ್ಯಾನ್‌ಗಳನ್ನು ನಿಧಾನವಾಗಿ ಕೆಳಗಿಟ್ಟ.

"ಪಾಸು... ಮನುಷ್ಯರಿಗೆ. ಹವಳಕ್ಕೆ ಫೇಲು."

ನೀರಿನ ಲ್ಯಾಬಿನ ಎಂಟು ವರ್ಷದ ಸರ್ವೀಸಿನಲ್ಲಿ ಅವಳ ನೀರನ್ನು ಯಾರೂ ಫೇಲು ಮಾಡಿರಲಿಲ್ಲ! ಅವಳು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಒದ್ದೆಯಾದ ತೋಳು, ಕಿವಿಯ ಮೇಲೆ ಸಿಕ್ಕಿಸಿದ ಪೆನ್ಸಿಲ್, ಹುಬ್ಬಿನ ಮೇಲೆ ಒಣಗಿ ಬೆಳ್ಳಗಾದ ಉಪ್ಪು. ಬೀದಿಯ ಕೊನೆಯ ಅಕ್ವೇರಿಯಂ ಅಂಗಡಿಯವನು. ಅಜ್ಜಿ ಇವನನ್ನು 'ಸಮುದ್ರರಾಜ' ಎಂದು ಕರೆಯುತ್ತಿದ್ದುದು ನೆನಪಾಗಿ ನಗು ಬಂತು. ನುಂಗಿಕೊಂಡಳು.

"ಯಾಕೆ ಫೇಲು? ಕಾರಣ ಹೇಳಿ."

"ನಲ್ಲಿ ನೀರಲ್ಲಿ ಕ್ಲೋರಿನ್ ಇದೆ. ಫಾಸ್ಫೇಟ್ ಇದೆ, ಪೈಪಿನ ಲೋಹ ಇದೆ. ನಾವು ಕುಡಿದು ಆಚೆ ಬಿಡ್ತೀವಿ. ತೊಟ್ಟಿಯಲ್ಲಿ ನೀರು ಆವಿಯಾಗಿ ಹೋಗತ್ತೆ, ಉಳಿದದ್ದೆಲ್ಲ ಅಲ್ಲೇ ಕೂರತ್ತೆ. ನೀವು ಮತ್ತೆ ಸುರೀತೀರಿ, ಮತ್ತೆ ಕೂರತ್ತೆ. ಹವಳಕ್ಕೆ ಓಡಿಹೋಗೋಕೆ ಕಾಲಿಲ್ಲ ಮೇಡಂ."

ಮಾತು ಸರಿಯಾಗಿತ್ತು. ಒಪ್ಪಿಕೊಂಡರೆ ಅವಳು ಅವಳೇ ಅಲ್ಲವಲ್ಲ!

"ಸರಿ. ಹಾಗಾದ್ರೆ ನಮ್ಮ ಲ್ಯಾಬಿನ ಡಿಸ್ಟಿಲ್ಡ್ ವಾಟರ್ ಹಾಕ್ತೀನಿ. ನೀರನ್ನ ಕಾಯಿಸಿ, ಆವಿ ಮಾಡಿ, ಆ ಆವಿಯನ್ನ ತಣಿಸಿ ಹಿಡಿದ ನೀರು. ಅದಕ್ಕಿಂತ ಶುದ್ಧ ಈ ಭೂಮಿ ಮೇಲೆ ಇದೆಯಾ?"

ಅವನು ತಲೆ ಕೆರೆದುಕೊಂಡ. "ಶುದ್ಧವೇ... ಆದ್ರೆ ಆವಿ ತಣಿಸೋ ಆ ಸುರುಳಿ ಕೊಳವೆ ಯಾವ ಲೋಹದ್ದು?"

"ಸ್ಟೀಲು! ಮತ್ತೇನಾದ್ರೂ?"

"ಮತ್ತೇನಿಲ್ಲ. ಮುಂದಿನ ಭಾನುವಾರ ಬಂದು ತೊಟ್ಟಿ ನೋಡಿ ಹೋಗ್ತೀನಿ. ಅಜ್ಜಿಗೆ ಮಾತು ಕೊಟ್ಟಿದ್ದೀನಿ."

ಅವನು ಕ್ಯಾನ್ ಎತ್ತಿಕೊಂಡು ಇಳಿದುಹೋದ. ಗೆದ್ದೆ ಎಂದುಕೊಂಡು ಬಾಗಿಲು ಹಾಕಿದವಳು, ಅವನ ಹೆಜ್ಜೆಯ ಸದ್ದು ಕೊನೆಯ ಮೆಟ್ಟಿಲು ಮುಟ್ಟುವವರೆಗೂ ಅಲ್ಲೇ ನಿಂತಿದ್ದಳು. ಯಾಕೋ!

ಆ ತೊಟ್ಟಿ ಅಂದರೆ ಅಜ್ಜಿಯ ಪ್ರಾಣ. ಮೂವತ್ತು ವರ್ಷ ಮಕ್ಕಳಿಗೆ ಈಜು ಕಲಿಸಿ ನಿವೃತ್ತಳಾದಾಕೆ ಹಾಲಿನ ಒಂದು ಗೋಡೆಯುದ್ದಕ್ಕೂ ಸಣ್ಣ ಸಮುದ್ರವನ್ನೇ ತಂದಿಟ್ಟುಕೊಂಡಿದ್ದಳು. ಎರಡು ಕಿತ್ತಳೆ ಮೀನು, ಹತ್ತಾರು ಬಸವನಹುಳು, ಉದ್ದನೆಯ ಬಿಳಿ ಮೀಸೆ ತಿರುವುತ್ತ ಮೀನುಗಳ ಮೈ ಶುಚಿ ಮಾಡುವ ಒಂದು ಸೀಗಡಿ. ಅದಕ್ಕೆ ಅಜ್ಜಿ ಇಟ್ಟ ಹೆಸರು 'ಮೀಸೆ ಮಾವ'. ನಡುವೆ ನೇರಳೆ ಹವಳ. ಉಗುರಿನಷ್ಟಿದ್ದ ತುಂಡನ್ನು ಹನ್ನೊಂದು ವರ್ಷ ಸಾಕಿ ಅಂಗೈ ಅಗಲ ಮಾಡಿದ್ದಳು.

ಎರಡು ವರ್ಷದಿಂದ ಅಜ್ಜಿಯ ಕಣ್ಣು ಮಂಜು. ಈಗ ಎರಡೂ ಕಣ್ಣಿಗೆ ಒಂದಾದ ಮೇಲೊಂದು ಆಪರೇಷನ್. ಹೊರಡುವ ಮುನ್ನ ಮೊಮ್ಮಗಳ ಕೆನ್ನೆ ಹಿಂಡಿ ಹೇಳಿದ್ದಳು: "ಏ ಮೆಣಸಿನಕಾಯಿ, ಬಣ್ಣ ಕಾಣೋ ಕಣ್ಣು ತಗೊಂಡು ಬರ್ತೀನಿ. ನಾನು ಮೊದಲು ನೋಡೋದು ನನ್ನ ನೇರಳೆ ಹವಳ. ಜೋಪಾನ ಕಣೇ!"

"ನನ್ನ ಮೇಲೆ ನಂಬಿಕೆ ಇಡು ಅಜ್ಜಿ," ಎಂದಿದ್ದಳು ಮೊಮ್ಮಗಳು.

ಲ್ಯಾಬಿನ ಹಿರಿಯರನ್ನು ಕೇಳಿ, ಮಿಕ್ಕುವ ಡಿಸ್ಟಿಲ್ಡ್ ವಾಟರನ್ನು ಅವಳು ದಿನವೂ ಮನೆಗೆ ತರತೊಡಗಿದಳು. ಭಾನುವಾರ ಅವನು ಬಂದ. ನೀರಿನಲ್ಲಿ ಕರಗಿದ್ದೆಷ್ಟು ಎಂದು ತೋರಿಸುವ ಪುಟ್ಟ ಮೀಟರನ್ನು ಅವಳ ನೀರಿಗೆ ಅದ್ದಿದ. ಸೊನ್ನೆ!

"ನೋಡಿದ್ರಾ?" ಅವಳು ಹುಬ್ಬು ಹಾರಿಸಿದಳು.

"ನೋಡಿದೆ," ಎಂದ ಅವನು, ಮೀಟರನ್ನು ಬಿಟ್ಟು ಅವಳ ಹುಬ್ಬನ್ನು ನೋಡುತ್ತ.

ಅವನು ಆ ನೀರಿಗೆ ಸಮುದ್ರದ ಉಪ್ಪು ಬೆರೆಸುವುದನ್ನು ಕಲಿಸಿಕೊಟ್ಟ. ಅವಳು ಹಿಡಿಹಿಡಿಯಾಗಿ ಸುರಿಯಹೋದರೆ ಕೈ ತಡೆದ. "ಅವಸರ ಬೇಡ. ಒಂದು ರಾತ್ರಿ ಹಾಗೇ ತಿರುಗ್ತಾ ಇರಲಿ. ಸಮುದ್ರಕ್ಕೆ ಅವಸರ ಮಾಡಿದೋರು ಉದ್ಧಾರ ಆಗಿಲ್ಲ."

"ಸಮುದ್ರರಾಜರ ಅಪ್ಪಣೆ!"

ಅವನ ಕಿವಿ ಕೆಂಪಾಯಿತು. "ಅಜ್ಜಿ... ನಿಮಗೂ ಹೇಳಿಬಿಟ್ರಾ?"

ಅವಳು ಬಿದ್ದು ಬಿದ್ದು ನಕ್ಕಳು. ಮೀಸೆ ಮಾವ ಕಲ್ಲಿನ ಮೇಲೆ ಕೂತು ಎರಡೂ ಮೀಸೆ ಆಡಿಸುತ್ತ ಇಬ್ಬರನ್ನೂ ನೋಡುತ್ತಿದ್ದ. ಮುಂದಿನ ಭಾನುವಾರ ಕಾಫಿ ಎರಡು ಲೋಟ ಆಯಿತು, ಹತ್ತು ನಿಮಿಷದ ಕೆಲಸ ಎರಡು ಗಂಟೆ ಹಿಡಿಯಿತು. ಸೋಮವಾರದಿಂದಲೇ ಭಾನುವಾರವನ್ನು ಎಣಿಸುತ್ತಿದ್ದೇನೆ ಎಂದು ಅವಳಿಗೆ ತಿಳಿದಾಗ ನಾಚಿಕೆಗಿಂತ ಖುಷಿಯೇ ಹೆಚ್ಚಾಯಿತು. ಇಷ್ಟವಾದರೆ ಇಷ್ಟ. ಅದರಲ್ಲಿ ಮುಚ್ಚಿಡುವುದೇನು?

ಮೂರನೆಯ ಭಾನುವಾರ ಬೆಳಿಗ್ಗೆ ಮೀಸೆ ಮಾವ ಮಗುಚಿ ಬಿದ್ದಿದ್ದ.

ಬಸವನಹುಳುಗಳು ಗಾಜಿನಿಂದ ಕಳಚಿ ಮರಳಿನ ಮೇಲೆ ಉದುರಿದ್ದವು. ನೇರಳೆ ಹವಳ ಮುದುಡಿ, ಒಂದು ಅಂಚು ಸುಣ್ಣದಂತೆ ಬೆಳ್ಳಗಾಗಿತ್ತು. ಅಜ್ಜಿಗೆ ಏನು ತೋರಿಸಲಿ? ಹೊಸ ಕಣ್ಣಿಗೆ ಈ ಬಿಳುಪನ್ನೇ?

ಅವನು ಬಂದಾಗ ಕೈಯಲ್ಲಿ ಮುಚ್ಚಳವಿದ್ದ ಪುಟ್ಟ ಡಬ್ಬಿಯಿತ್ತು. ತೊಟ್ಟಿ ನೋಡಿದವನೇ ಡಬ್ಬಿಯನ್ನು ಮರೆತು ಮಂಡಿಯೂರಿದ.

"ಇದು ತಾಮ್ರದ ಕೆಲಸ. ಸೀಗಡಿ, ಬಸವನಹುಳು ಮೊದಲು ಹೋಗೋದು ತಾಮ್ರಕ್ಕೇ. ನಿಮ್ಮ ಲ್ಯಾಬಿನ ಕೊಳವೆ ನಿಜವಾಗ್ಲೂ ಸ್ಟೀಲಾ?"

ಹೆದರಿದವಳಿಗೆ ಆ ಪ್ರಶ್ನೆ ಚುಚ್ಚಿತು.

"ಮೀಟರ್ ಸೊನ್ನೆ ತೋರಿಸಿದ್ದನ್ನ ನೀವೇ ನೋಡಿದ್ರಿ! ಕಳೆದ ವಾರ ನಾಲ್ಕು ಬಸವನಹುಳು ತಂದು ತೊಟ್ಟಿಗೆ ಬಿಟ್ರಲ್ಲ, ರೋಗ ಅದರಿಂದಲೇ ಬಂದಿರಬೇಕು. ನಿಮ್ಮ ಮಾಲು ಸರಿಯಿಲ್ಲ ಅಂತ ನನ್ನ ಲ್ಯಾಬಿನ ಮೇಲೆ ಹಾಕ್ಬೇಡಿ. ಮೀನು ಮಾರೋರಿಂದ ನೀರಿನ ಪಾಠ ಹೇಳಿಸಿಕೊಳ್ಳೋ ಗತಿ ನನಗೆ ಬಂದಿಲ್ಲ!"

ಅವನ ನಗು ಆರಿಹೋಯಿತು. ಅವಳು ಮೊದಲ ಸಲ ನೋಡಿದ್ದು, ನಗದ ಅವನ ಮುಖವನ್ನು.

"ಆ ಮೀಟರ್ ಒಟ್ಟು ಎಷ್ಟು ಕರಗಿದೆ ಅಂತ ಮಾತ್ರ ಹೇಳತ್ತೆ. ತೀರಾ ಚೂರು ವಿಷ ಇದ್ರೆ ಅದಕ್ಕೆ ಕಾಣಲ್ಲ. ಅಜ್ಜಿಗೋಸ್ಕರ ಕೇಳಿದೆ... ಇನ್ನು ಕೇಳಲ್ಲ."

ಡಬ್ಬಿಯನ್ನು ಎತ್ತಿಕೊಂಡು ಹೊರಟುಹೋದ.

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವರಲ್ಲೂ ಎರಡು ಥರ ಇರುತ್ತಾರೆ. ಒಬ್ಬರು ಹಾಗೆಂದು ಸುಮ್ಮನಾಗುತ್ತಾರೆ, ಇನ್ನೊಬ್ಬರು ಹೋಗಿ ಕಾಲು ಎಣಿಸುತ್ತಾರೆ. ನಮ್ಮ ಹುಡುಗಿ ಎರಡನೆಯವಳು. ಸೋಮವಾರ ಲ್ಯಾಬಿನ ಬಾಗಿಲು ತೆಗೆಯುವ ಮೊದಲೇ ಅಲ್ಲಿದ್ದಳು.

ನೀರನ್ನು ಆವಿ ಮಾಡುವ ಯಂತ್ರದ ಹೊರಮೈ ಸ್ಟೀಲು, ಫಳಫಳ ಹೊಳೆಯುತ್ತಿತ್ತು. ಸ್ಕ್ರೂ ಬಿಚ್ಚಿ ಮುಚ್ಚಳ ತೆಗೆದಳು. ಒಳಗೆ... ಕೆಂಪಗೆ, ಸುರುಳಿ ಸುರುಳಿಯಾಗಿ, ತಾಮ್ರದ ಕೊಳವೆ! ಹೋದ ವರ್ಷ ರಿಪೇರಿಗೆ ಬಂದ ಮೆಕ್ಯಾನಿಕ್ ಹಳೆಯದನ್ನು ತೆಗೆದು ಇದನ್ನು ಹಾಕಿದ್ದ. ಆ ನೀರನ್ನು ಗಾಜಿನ ಪಾತ್ರೆ ತೊಳೆಯಲು ಮಾತ್ರ ಬಳಸುತ್ತಿದ್ದುದರಿಂದ ಯಾರೂ ಅದರಲ್ಲಿ ತಾಮ್ರ ಹುಡುಕಿರಲಿಲ್ಲ. ಅವಳು ಹುಡುಕಿದಳು. ಒಂದು ಸಲವಲ್ಲ, ಮೂರು ಸಲ. ಮೂರು ಸಲವೂ ಇತ್ತು. ಮನುಷ್ಯರಿಗೆ ಲೆಕ್ಕಕ್ಕಿಲ್ಲದಷ್ಟು. ಮೀಸೆ ಮಾವನಿಗೆ ಸಾಕಾದಷ್ಟು.

ಬೆಳ್ಳಗಿರೋದೆಲ್ಲ ಹಾಲಲ್ಲ ಅಂತ ಅಜ್ಜಿ ಸಾವಿರ ಸಲ ಹೇಳಿದ್ದಳು. ದಿನವೂ ಊರಿನ ನೀರನ್ನು ಜರಡಿ ಹಿಡಿಯುವವಳು ತನ್ನ ಕೈಯ ನೀರನ್ನೇ ನೋಡಿರಲಿಲ್ಲ! ಕಣ್ಣು ತುಂಬಿ ಬಂತು. ಒರೆಸಿಕೊಂಡಳು. ಅಳುವುದಕ್ಕೆ ಆಮೇಲೆ ಸಮಯವಿದೆ, ಹವಳಕ್ಕಿಲ್ಲ.

ಅಂಗಡಿಯಲ್ಲಿ ನಾಲ್ಕೈದು ಗಿರಾಕಿಗಳಿದ್ದರು. ಅವನು ತಲೆ ಎತ್ತಿದ, ಮತ್ತೆ ಬಗ್ಗಿಸಿದ.

"ಒಂದು ನಿಮಿಷ. ಎಲ್ಲರೂ ಕೇಳಿಸಿಕೊಳ್ಳಿ," ಎಂದಳು ಅವಳು.

"ಮೇಡಂ, ಒಳಗೆ ಬಂದು ಮಾತಾಡೋಣ..."

"ಬೇಡ. ಬೈದಿದ್ದು ಜೋರಾಗಿ, ಒಪ್ಪಿಕೊಳ್ಳೋದು ಪಿಸುಮಾತಲ್ಲಿ ಆಗಬಾರದು. ಇವರು ಮೊದಲ ದಿನವೇ ಸರಿಯಾದ ಪ್ರಶ್ನೆ ಕೇಳಿದ್ರು. ನಾನು ನೋಡದೇ ಉತ್ತರ ಕೊಟ್ಟೆ. ಕೊಳವೆ ತಾಮ್ರದ್ದು. ಇವರ ಬಸವನಹುಳುಗಳಿಗೆ ರೋಗ ಇರಲಿಲ್ಲ, ನನ್ನ ಮಾತಿಗೆ ಇತ್ತು. ತಪ್ಪು ನನ್ನದು!"

ಒಬ್ಬ ಹಿರಿಯ ಗಿರಾಕಿ ಮೀನಿನ ಚೀಲ ಹಿಡಿದುಕೊಂಡೇ ತಲೆದೂಗಿದರು. "ಇಷ್ಟು ಚೆನ್ನಾಗಿ ನನ್ನ ಹೆಂಡತಿ ಹತ್ರ ನಾನೂ ಒಪ್ಪಿಕೊಂಡಿದ್ರೆ..."

ಎಲ್ಲರೂ ನಕ್ಕರು. ಅವನೂ ನಕ್ಕ. ಆ ನಗು ಮರಳಿದ್ದನ್ನು ಕಂಡಾಗಲೇ ಅವಳಿಗೆ ಉಸಿರು ಬಂದದ್ದು.

"ಹವಳ ಬದುಕತ್ತಾ?" ಮೆಲ್ಲಗೆ ಕೇಳಿದಳು.

"ಅರ್ಧ ಬದುಕಿಸಬಹುದು. ಈಗಲೇ ಶುರು ಮಾಡಿದ್ರೆ."

ಅಂದೇ ಅಜ್ಜಿಯ ಅಡುಗೆಮನೆಯ ಗೋಡೆಗೆ ನೀರು ಶೋಧಿಸುವ ಯಂತ್ರ ಹತ್ತಿತು. ಮೊದಲು ಇದ್ದಿಲಿನ ಫಿಲ್ಟರ್, ಆಮೇಲೆ ಆರ್‌ಒ ಪೊರೆ, ಕೊನೆಗೆ ಉಳಿದದ್ದನ್ನೂ ಹೀರಿಕೊಳ್ಳುವ ಬಣ್ಣದ ಹರಳುಗಳ ಕೊಳವೆ. ಇಡೀ ದಾರಿಯಲ್ಲಿ ಎಲ್ಲೂ ತಾಮ್ರವಿಲ್ಲ, ಬರೀ ಪ್ಲಾಸ್ಟಿಕ್. ಹನಿಹನಿಯಾಗಿ ಬಂದ ನೀರನ್ನು ಅವಳು ಲ್ಯಾಬಿಗೆ ಒಯ್ದು ತಾಮ್ರಕ್ಕಾಗಿಯೇ ಪರೀಕ್ಷಿಸಿದಳು. ಇಲ್ಲ. ಆಮೇಲೆಯೇ ಉಪ್ಪು ಬೆರೆಸಿದ್ದು.

ಮೂರು ವಾರ, ದಿನ ಬಿಟ್ಟು ದಿನ ನೀರು ಬದಲಾಯಿಸಿದರು. ಅವನು ಅಂಗಡಿ ಮುಚ್ಚಿ ನೇರ ಬರುತ್ತಿದ್ದ, ಅವಳು ಲ್ಯಾಬಿನಿಂದ ಓಡಿಬರುತ್ತಿದ್ದಳು. ಹದಿನೇಳನೆಯ ದಿನ ಹವಳದ ಒಂದು ಬದಿಯಲ್ಲಿ ಎಳ್ಳುಕಾಳಿನಷ್ಟು ನೇರಳೆ ಬಾಯಿಗಳು ಮತ್ತೆ ತೆರೆದವು. ಅವಳು ಅವನ ತೋಳನ್ನು ಗಟ್ಟಿಯಾಗಿ ಹಿಡಿದುಬಿಟ್ಟಳು. ಬಿಡಲಿಲ್ಲ. ಅವನೂ ಬಿಡಿ ಎನ್ನಲಿಲ್ಲ.

ಮರುದಿನ ಅವನು ಆ ಹಳೆಯ ಡಬ್ಬಿ ತಂದ. ಒಳಗೆ ನೀರಿನಲ್ಲಿ ನೇರಳೆ ಹವಳದ ಒಂದು ತುಂಡು!

"ನಾನು ಅಂಗಡಿ ತೆಗೆದ ದಿನ ಅಜ್ಜಿ ತಮ್ಮ ಹವಳದಿಂದ ಮುರಿದುಕೊಟ್ಟಿದ್ದು. ಬೆಳೆಸಿದೆ. ಅಜ್ಜಿ ಬರೋ ಹೊತ್ತಿಗೆ ವಾಪಸ್ ಕೊಡೋಣ ಅಂತ ಆ ಭಾನುವಾರ ತಂದಿದ್ದೆ..."

"ನಾನು ಬೈದು ಕಳಿಸಿದೆ."

"ಹೂಂ. ಚೆನ್ನಾಗೇ ಬೈದ್ರಿ."

ಸತ್ತು ಬೆಳ್ಳಗಾದ ಬದಿಯ ಮೇಲೆ ಇಬ್ಬರೂ ಸೇರಿ ಆ ತುಂಡನ್ನು ಅಂಟಿಸಿದರು.

ಅಜ್ಜಿ ಬಂದದ್ದು ಬೆಳಗಿನ ಬಿಸಿಲಿನಲ್ಲಿ, ಅವನೂ ತೊಟ್ಟಿಯ ಬಳಿ ಇದ್ದಾಗ. ಬ್ಯಾಗು ಕೆಳಗಿಡದೇ ಕಪ್ಪು ಕನ್ನಡಕ ತೆಗೆದು ಗಾಜಿಗೆ ಮೂಗು ಒತ್ತಿ ನಿಂತಳು. ಒಂದು ನಿಮಿಷ... ಎರಡು ನಿಮಿಷ...

"ಇಷ್ಟು ನೇರಳೆಯಾಗಿತ್ತೇನೇ ಇದು! ನನಗೆ ಮರೆತೇ ಹೋಗಿತ್ತು." ಆಮೇಲೆ ಅಜ್ಜಿ ಹುಬ್ಬು ಗಂಟಿಕ್ಕಿದಳು. "ನನ್ನ ಮೀಸೆ ಮಾವ ಎಲ್ಲಿ?"

ಮೊಮ್ಮಗಳು ಎಲ್ಲವನ್ನೂ ಹೇಳಿದಳು. ಒಂದು ಮಾತೂ ಬಿಡದೆ. ಅಜ್ಜಿ ಕಣ್ಣೀರು ಒರೆಸಿಕೊಂಡಳು, ಮೊಮ್ಮಗಳ ತಲೆಗೆ ಒಂದು ಮೊಟಕಿದಳು. ಆಮೇಲೆ ಹವಳದ ಕಡೆ ಬೆರಳು ತೋರಿಸಿದಳು.

"ಎಡಗಡೆಯದು ಸಮುದ್ರರಾಜನಿಗೆ ಕೊಟ್ಟಿದ್ದ ತುಂಡು. ನನ್ನ ಹೊಸ ಕಣ್ಣಿಗೆ ಅದೂ ಕಾಣ್ತಿದೆ, ಇನ್ನೊಂದೂ ಕಾಣ್ತಿದೆ. ನಾನು ಮುಖ ತೊಳ್ಕೊಂಡು ಬರ್ತೀನಿ. ನಿಧಾನವಾಗೇ ಬರ್ತೀನಿ!"

ಹಾಲಿನಲ್ಲಿ ಪಂಪಿನ ಗುಳುಗುಳು ಸದ್ದೊಂದೇ ಉಳಿಯಿತು. ಅವಳು ನೇರವಾಗಿ ಅವನ ಕಣ್ಣು ನೋಡಿದಳು.

"ನನಗೆ ಸುತ್ತಿಬಳಸಿ ಮಾತಾಡೋಕೆ ಬರಲ್ಲ. ನೀವಂದ್ರೆ ನನಗಿಷ್ಟ. ಈ ಸಲ ಪರೀಕ್ಷೆ ಮಾಡಿಯೇ ಹೇಳ್ತಿದ್ದೀನಿ... ಮೂರು ಸಲ."

ಅವನ ಕಿವಿ ಮತ್ತೆ ಕೆಂಪಾಯಿತು. "ನಾನು ಮೊದಲ ದಿನ ಬಾಗಿಲಲ್ಲೇ ಫೇಲಾದೆ ಮೇಡಂ. ಆ ಕ್ಯಾನ್‌ಗಳನ್ನ ಮೂರು ಮಹಡಿ ಇಳಿಸುವಾಗ ಭಾರವೇ ಗೊತ್ತಾಗಲಿಲ್ಲ."

"ಮೇಡಂ ಅನ್ನೋದು ಬಿಡಿ."

"ಬಿಟ್ಟೆ." ಅವನು ಅವಳ ಕೈ ಹಿಡಿದ. "ಆದ್ರೆ ಒಂದು ಮಾತು. ಈ ತೊಟ್ಟಿಗೆ ಪ್ರತಿ ವಾರ ನೀರು ಬದಲಾಯಿಸಬೇಕು. ವರ್ಷಗಟ್ಟಲೆ. ಒಂದು ವಾರವೂ ತಪ್ಪಿಸೋ ಹಾಗಿಲ್ಲ."

"ನನ್ನ ಎರಡು ಕೈ ಸಾಲಲ್ಲ."

"ನಾಲ್ಕಾದ್ರೆ?"

ಅವಳು ಅವನ ಹುಬ್ಬಿನ ಮೇಲೆ ಒಣಗಿದ್ದ ಉಪ್ಪನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒರೆಸಿದಳು.

"ನಾಲ್ಕಾದ್ರೆ ಸಾಕು."