ಹನ್ನೊಂದು ದಿನದ ತಡ

ತಮಿಳ್‌ಸೆಲ್ವಿ ಆ ಬೇವಿನ ಮರದಡಿ ಮೊದಲ ಸಲ ನಿಂತದ್ದು ತಮಿಳರ ಆನಿ ತಿಂಗಳ ಕೊನೆಯಲ್ಲಿ. ಸೇಲಂ ಕೋರ್ಟಿನ ಹೊರಗೆ ಟೈಪ್‌ರೈಟರುಗಳು ಸಾಲಾಗಿ ಕುಟ್ಟುತ್ತಿದ್ದವು. ಎಡಪ್ಪಾಡಿಯ ಮಗ್ಗದ ಮನೆಗಳ ನಡುವೆ ಬೆಳೆದವಳಿಗೆ ಸದ್ದು ಹೊಸದಲ್ಲ, ಆದರೂ ಯಾರ ಮುಂದೆ ನಿಲ್ಲಬೇಕೆಂದು ತಿಳಿಯದೆ ಸಾಲಿನುದ್ದಕ್ಕೂ ಎರಡು ಸಲ ನಡೆದಳು.

ಕೈಯಲ್ಲಿ ಕೆಳಗಿನ ಕೋರ್ಟಿನ ತೀರ್ಪಿತ್ತು. ಅಪ್ಪ ನೇಯುತ್ತಾ ಬದುಕಿದ್ದ ಮನೆ, ಅದರ ಎರಡು ಮಗ್ಗ, ಎಲ್ಲವೂ ಚಿಕ್ಕಪ್ಪ ಮುನುಸ್ವಾಮಿಗೆ ಸೇರಿದ್ದು ಎಂದು ಅದರಲ್ಲಿತ್ತು. ಅಪ್ಪ ಇಲ್ಲ. ವಕೀಲರನ್ನು ಹಿಡಿಯುವ ಶಕ್ತಿಯೂ ಇಲ್ಲ. ಇದ್ದದ್ದು ಅಜ್ಜಿ ಪೊನ್ನಮ್ಮ ಮತ್ತು ಅವಳು. ಗಾಬರಿಯಲ್ಲಿ ತಮಿಳಿನ ಬದಲು ಮನೆಮಾತೇ ಬಾಯಿಗೆ ಬಂತು.

"ಸಾರ್, ಇದುಕ್ಕೆ ಅಪ್ಪೀಲು ಆಕೋಕೆ ಎಷ್ಟು ದಿನ ಐತೆ?"

ಕಪ್ಪು ರಿಬ್ಬನ್ನು ಸುತ್ತುತ್ತಿದ್ದವನು ತಲೆ ಎತ್ತಿದ. ಎತ್ತಿದ ತಲೆ ಹಾಗೇ ನಿಂತಿತು.

"ಕನ್ನಡದವರಾ ನೀವು?"

"ಯಾಕೆ, ಬೋರ್ಡು ಆಕ್ಕೊಂಡು ಬರ್ಬೇಕಿತ್ತಾ?"

"ತೀರ್ಪಲ್ಲಿ ತಮಿಳ್‌ಸೆಲ್ವಿ ಅಂತಿದೆ, ಅದಕ್ಕೆ ಕೇಳಿದೆ."

"ಅದು ಇಸ್ಕೂಲಿಗೆ. ಮನೇಲಿ ಬರೀ ಸೆಲ್ವಿ."

ಅವನು ನಕ್ಕ. ಹೆಸರು ಗುರುಚರಣ್ ಎಂದ. ಅಪ್ಪ ರೈಲ್ವೆ ಆಫೀಸಿಗೆ ವರ್ಗವಾಗಿ ಬಂದ ಕನ್ನಡದವರು, ತಾನು ವಕೀಲರ ಕಾಗದ ಟೈಪು ಮಾಡುವವನು ಎಂದ. ಕೇಳದಿದ್ದರೂ ಹೇಳಿದ. ಕೇಳಿದ್ದಕ್ಕೆ ಕೊನೆಯಲ್ಲಿ ಉತ್ತರ ಕೊಟ್ಟ: "ಒಂದು ತಿಂಗಳು ಟೈಮ್ ಇದೆ."

"ಅಂಗಾದ್ರೆ ಬರೋ ಆಡಿ ತಿಂಗಳು ಕಳುದ್ಮೇಲೆ ಬಂದ್ರೆ ಸಾಕಾ?"

ಅವನು ಅವಳನ್ನೇ ನೋಡುತ್ತಾ ಹೌದೆನ್ನುವಂತೆ ತಲೆ ಆಡಿಸಿದ.

ಅಜ್ಜಿಗೂ ಅದೇ ಬೇಕಿತ್ತು. ಆಷಾಢದಂತೆ ಅಶುಭವೆನ್ನುವ ಆಡಿ ತಿಂಗಳಲ್ಲಿ ಹೊಸ ಕೆಲಸಕ್ಕೆ ಕೈ ಹಾಕುವ ಮನೆಯಲ್ಲ ಅದು. ತೀರ್ಪನ್ನು ಅರಿಶಿನದ ಬಟ್ಟೆಯಲ್ಲಿ ಸುತ್ತಿ ಚೌಡೇಶ್ವರಿ ಅಮ್ಮನ ಪಟದ ಕೆಳಗಿಟ್ಟಳು. "ಅಮ್ಮ ನೋಡ್ಕೊತಾಳೆ. ನೀ ಓಗಿ ನೇಯಿ." ಸೆಲ್ವಿ ನೇಯ್ದಳು. ಲಾಳಿ ಆಚೆ ಹೋಗಿ ಈಚೆ ಬರುವಷ್ಟರಲ್ಲಿ ಎತ್ತಿದ್ದ ಆ ತಲೆ, ನಿಂತಿದ್ದ ಆ ಕಣ್ಣು ನೆನಪಾಗಿ, ಎಳೆ ಕಡಿದು, ಅಜ್ಜಿಯಿಂದ ಬೈಸಿಕೊಂಡಳು.

ಆಡಿ ಕಳೆದು ಆವಣಿ ಬಂತು. ಒಳ್ಳೆಯ ದಿನ ನೋಡಿ, ಕಾಗದ ಬಿಚ್ಚಿ, ಹೂ ಮುಡಿದು ಹೊರಟಳು.

ಗುರುಚರಣ್ ತೀರ್ಪಿನ ತಾರೀಕು ನೋಡಿದ. ಬೆರಳು ಮಡಚಿ ಎಣಿಸಿದ. ಮತ್ತೆ ಎಣಿಸಿದ.

"ಹನ್ನೊಂದು ದಿನ ಮೀರಿಹೋಗಿದೆ ಸೆಲ್ವಿ."

"ನೀವೇ ಏಳಿದ್ರಲ್ಲಾ, ತಿಂಗಳು ಅಂತ!"

"ತೀರ್ಪಾದ ದಿನದಿಂದ ಮೂವತ್ತು ದಿನ. ಆಡಿ ಮುಗಿಯೋವರೆಗೂ ಅಲ್ಲ."

ಮರದ ಕೆಳಗೆ ಅಷ್ಟೊಂದು ಜನರಿದ್ದರೂ ಅವಳಿಗೆ ಏನೂ ಕೇಳಿಸಲಿಲ್ಲ. ಮನೆ ಹೋಯಿತು ಎಂದಷ್ಟೇ ತಿಳಿಯಿತು.

ಒಂದು ದಾರಿ ಇತ್ತು. ತಡವನ್ನು ಮನ್ನಿಸಿ ಎಂದು ಅರ್ಜಿ ಹಾಕಬೇಕು, ಪ್ರತಿ ದಿನಕ್ಕೂ ಕಾರಣ ಕೊಡಬೇಕು. ಗುರುಚರಣ್ ಕಾಗದ ಏರಿಸಿ ಕುಟ್ಟತೊಡಗಿದ. 'ಟೈಪಿಸ್ಟ್ ಗುರುಚರಣ್ ಎಂಬವರನ್ನು ಕೇಳಿದಾಗ' ಎಂಬಲ್ಲಿಗೆ ಬಂದಾಗ ಸೆಲ್ವಿ ಬಣ್ಣದ ನೂಲಿನ ಕಲೆಯಿದ್ದ ಕೈಯನ್ನು ಟೈಪ್‌ರೈಟರಿನ ಅಕ್ಷರಗಳ ಮೇಲಿಟ್ಟಳು.

"ಅದು ಬೇಡ."

"ಅದೇ ನಿಜ."

"ಟೈಪು ಮಾಡೋರು ಕಾನೂನು ಏಳ್ಬಾರ್ದಂತೆ. ಪಕ್ಕದೋರು ಮಾತಾಡ್ಕೊತಾ ಇದ್ರು. ವಕೀಲ್ರು ನಿಮ್ಮನ್ನ ಇಲ್ಲಿಂದ ಎಬ್ಬಿಸ್ಬುಡ್ತಾರೆ."

"ನಿಮ್ಮ ಮನೆ?"

"ಅಜ್ಜಿ ಆಡೀಲಿ ಬೇಡ ಅಂದ್ಲು ಅಂತ ಬರೀರಿ. ಅದೂ ನಿಜಾನೇ."

ಅವನು ಆ ಹಾಳೆ ತೆಗೆದು ಇನ್ನೊಂದನ್ನು ಹಾಕಿದ.

ಅರ್ಜಿ ವಿಚಾರಣೆಗೆ ಬಂದಾಗ ಕಾರ್ತಿಗೆ ತಿಂಗಳು. ಸೆಲ್ವಿ ದೇವರ ಮೇಲೆ ಪ್ರಮಾಣ ಮಾಡಿ ಒಬ್ಬಳೇ ನಿಂತಳು. ಚಿಕ್ಕಪ್ಪನ ವಕೀಲರು ತಮಿಳಿನಲ್ಲಿ, ನಗುವನ್ನು ತುಟಿಯಂಚಿನಲ್ಲೇ ಹಿಡಿದು ಕೇಳಿದರು: "ಆಡಿ ಬಂತೆಂದು ಕಾನೂನು ಕಣ್ಣು ಮುಚ್ಚಿಕೊಳ್ಳುತ್ತದೆಯೇ, ಅಯ್ಯಾ?"

ನ್ಯಾಯಾಧೀಶರು ನಗಲಿಲ್ಲ. "ಎಷ್ಟು ದಿನವಿದೆ ಎಂದು ನೀನು ಯಾರನ್ನೂ ಕೇಳಲಿಲ್ಲವೇನಮ್ಮ?"

ಕೇಳಿದೆ ಎಂದರೆ ಗುರುಚರಣ್ ಮರದಡಿಯ ಕೆಲಸ ಕಳೆದುಕೊಳ್ಳುತ್ತಾನೆ. ಇಲ್ಲ ಎಂದರೆ ದೇವರ ಮೇಲೆ ಮಾಡಿದ ಪ್ರಮಾಣ ಸುಳ್ಳಾಗುತ್ತದೆ. ನೆಲ ನೋಡುತ್ತಾ ನಿಂತಳು.

"ನನ್ನನ್ನು ಕೇಳಿದರು, ಅಯ್ಯಾ."

ಬಾಗಿಲ ಬಳಿಯಿಂದ ಗುರುಚರಣ್ ಮುಂದೆ ಬಂದಿದ್ದ. ಬೆರಳ ತುದಿಯಲ್ಲಿ ರಿಬ್ಬನ್ನಿನ ಮಸಿ. "ಆಡಿ ಕಳೆದ ಮೇಲೆ ಬಂದರೆ ಸಾಕೇ ಎಂದು ಕೇಳಿದರು. ಹೌದೆಂದು ತಲೆಯಾಡಿಸಿದವನು ನಾನು. ಬರೆಯಬೇಡಿ ಎಂದು ಅವರೇ ತಡೆದರು."

ವಕೀಲರ ಬೆಂಚಿನಲ್ಲಿ ತಲೆಗಳು ತಿರುಗಿದವು. ನ್ಯಾಯಾಧೀಶರು ಅವನನ್ನೂ ಅವಳನ್ನೂ ಒಮ್ಮೆ ನೋಡಿ, ಪೆನ್ನು ತೆಗೆದರು.

"ವಕೀಲರಿಲ್ಲದವಳು ತಿಳಿದವರೆಂದು ನಂಬಿ ಕೇಳಿದ್ದಾಳೆ. ಸಿಕ್ಕ ಉತ್ತರ ತಪ್ಪು. ಅದರ ಶಿಕ್ಷೆ ಅವಳಿಗಲ್ಲ." ತಡವನ್ನು ಮನ್ನಿಸಲಾಯಿತು. ಅಪ್ಪೀಲು ಉಳಿಯಿತು. ಗೆದ್ದದ್ದೇನೂ ಅಲ್ಲ, ಬಾಗಿಲು ತೆರೆಯಿತು, ಅಷ್ಟೇ.

ಬಸ್‌ಸ್ಟ್ಯಾಂಡಿನವರೆಗೆ ಇಬ್ಬರೂ ನಡೆದರು.

"ಮರದಡೀಲಿರೋ ನಿಮ್ಮ ಮೇಜು?" ಎಂದು ಕೇಳಿದಳು.

"ವಕೀಲರು ನಾಳೆಯಿಂದ ಬೇಡ ಅಂದರು. ತಾರಮಂಗಲದಲ್ಲಿ ಟೈಪಿಂಗ್ ಕಲಿಸೋ ಕಡೆ ಒಬ್ಬರು ಬೇಕಂತೆ, ಕೇಳ್ತೀನಿ."

"ಅವತ್ತು ನಾ ಕೇಳಿದ್ದು ಸರ್ಯಾಗಿ ಕೇಳಿಸ್ಕೊಂಡಿದ್ರೆ ಇದೆಲ್ಲ ಇರ್ತಿರಲಿಲ್ಲ."

"ಕೇಳಿಸ್ಕೊಳ್ಳೋ ಸ್ಥಿತೀಲಿ ಇರಲಿಲ್ಲ ಸೆಲ್ವಿ." ಅವನ ದನಿ ತಗ್ಗಿತು. "ನಿಮ್ಮನ್ನ ನೋಡ್ತಾ ಇದ್ದೆ. ನೀವು ಏನು ಕೇಳಿದ್ರೂ ಹೂಂ ಅಂತಿದ್ದೆ."

ಅವಳು ಮುಖ ತಿರುಗಿಸಿದಳು. ಕೋಪವೂ ಇತ್ತು, ಕಣ್ಣೀರೂ ಇತ್ತು, ಎರಡರ ನಡುವೆ ಹೆಸರಿಲ್ಲದ್ದೊಂದು ಮೆಲ್ಲಗೆ ಎದ್ದು ಕೂತಿತ್ತು. ಎಡಪ್ಪಾಡಿ ಬಸ್ಸು ಬಂತು. ಮೆಟ್ಟಿಲ ಮೇಲೆ ಕಾಲಿಟ್ಟು, ಕಂಬಿ ಹಿಡಿದು ತಿರುಗಿದಳು.

"ಬರೋ ತಿಂಗಳು ಮಾರ್ಗಳಿ, ಅದು ಉಟ್ಟಿದ್ರೆ ನಮ್ಮಜ್ಜಿ ಮದುವೆ ಮಾತು ಕಿವಿಗೇ ಆಕ್ಕೊಳ್ಳಲ್ಲ. ಅದುಕ್ಕೆ ಮುಂಚೆ ಬಂದು ಅವಳತ್ರ ಮಾತಾಡಿ."

"ಇನ್ನೆಷ್ಟು ದಿನ ಇದೆ?"

"ನೀವೇ ಎಣಿಸ್ಕೊಳ್ಳಿ," ಎಂದಳು ಸೆಲ್ವಿ. "ತಡ ಆದ್ರೆ ಮನ್ನಿಸೋಕೆ ನಮ್ಮನೇಲಿ ಜಡ್ಜು ಇಲ್ಲ."