ಹಿಮ್ಮಡಿ ಹಿಡಿದವನು

ಕಸರತ್ತಿನ ಕೋಣೆಯ ನಡುವೆ ಮಿರ್ಶೋದ್ ಬೋರಲು ಬಿದ್ದಿದ್ದ. ಮೂಗು ಜಜ್ಜಿಹೋಗಿತ್ತು. ಹೊರಳಿಸಿದರೆ ಎದೆಯ ಕೆಳಗೆ ಹತ್ತು ಕಿಲೋದ ಕಬ್ಬಿಣದ ಬಿಲ್ಲೆ.

ಮೊದಲು ನೋಡಿದವರು ಫುಟ್‌ಬಾಲ್ ತಂಡದ ತರಬೇತುದಾರ ವಿತಾಲಿ ಪಾಕ್. ಅವತ್ತು ಗೋಲ್‌ಕೀಪರನ ಅಣ್ಣನ ಮದುವೆ, ಬೆಳಗಿನ ಜಾವದ ಪಲಾವ್ ಊಟ. ತಂಡವೆಲ್ಲ ಅಲ್ಲೇ ಇತ್ತು. ಪಾಕ್ ಹೊಟ್ಟೆಹುಣ್ಣಿನ ಮನುಷ್ಯ. ಬರೀ ಚಹಾ ಕುಡಿದು, ಕುರಿಬಾಲದ ಕೊಬ್ಬು ತಿನ್ನುತ್ತಿದ್ದ ಹುಡುಗರಿಗೆ ಬೈದು ಕಸರತ್ತಿನ ಕೋಣೆಗೆ ಮರಳಿದ್ದರು. ಮಿರ್ಶೋದ್ ಒಬ್ಬನೇ ಊಟಕ್ಕೆ ಹೋಗಿರಲಿಲ್ಲ.

ಆಂಬುಲೆನ್ಸ್ ಹೋದಮೇಲೆ ನಾವು ಹೋದೆವು. ನಾವು ಅಂದರೆ ಮುಕರ್ರಮ್ ಓಪಾ ಮತ್ತು ಅವರ ಹಿಂದೆ ನಾನು, ಸಾರ್ಜೆಂಟ್ ತೋಲಿಬ್. ಅವರು ಪೊಲೀಸ್ ಕ್ಯಾಪ್ಟನ್, ಆದರೆ ಇಡೀ ಮರ್ಗಿಲಾನ್ ಊರಿಗೆ ಓಪಾ, ಅಂದರೆ ಅಕ್ಕ.

"ಬಿಲ್ಲೆ ಎತ್ತಿ ಹೊಡೆದಿದ್ದಾರೆ, ಓಪಾ," ಅಂದೆ ನಾನು.

"ಹೊಡೆದ ಬಿಲ್ಲೆ ಪಕ್ಕಕ್ಕೆ ಬೀಳುತ್ತೆ ಕಣೋ. ಇದು ಅವನ ಕೆಳಗೆ ಹೇಗೆ ಬಂತು?"

ಓಪಾ ಹಾಸಿನ ಮೇಲಿದ್ದ ಎರಡು ತಗ್ಗು ತೋರಿಸಿದರು. ಮೊಣಕಾಲಿನ ಗುರುತು.

"ಪಾಕ್, ಇದೇನು ನಮಾಜಾ, ಕಸರತ್ತಾ?"

"ಕಸರತ್ತು," ಅಂದರು ಪಾಕ್. "ಮೊಣಕಾಲೂರಿ, ಬಿಲ್ಲೆ ಎದೆಗೆ ಅಪ್ಪಿಕೊಂಡು, ಮರ ಬಾಗಿದ ಹಾಗೆ ನಿಧಾನ ಮುಂದಕ್ಕೆ ಬಾಗೋದು. ತೊಡೆಯ ಹಿಂಭಾಗ ಹಗ್ಗ ಹುರಿಗೊಂಡ ಹಾಗೆ ಗಟ್ಟಿಯಾಗುತ್ತೆ. ಹಿಂದಿನಿಂದ ಹಿಮ್ಮಡಿ ಒತ್ತಿ ಹಿಡಿಯೋಕೆ ಒಬ್ಬ ಬೇಕು. ಇಲ್ಲಾಂದ್ರೆ ಗೋಡೆಯ ಏಣಿಯ ಕೆಳಗಿನ ಪಟ್ಟಿಗೆ ಪಾದ ಸಿಕ್ಕಿಸಬೇಕು."

ಓಪಾ ಆ ಪಟ್ಟಿಯ ಅಡಿಗೆ ಬೆರಳು ಎಳೆದರು. ಬೆರಳ ತುಂಬ ಧೂಳು.

"ಅವನ ಮೇಲೆ ಹೊಟ್ಟೆಕಿಚ್ಚು ಯಾರಿಗಿತ್ತು?"

"ಯಾರಿಗಿರಲಿಲ್ಲ ಅಂತ ಕೇಳಿ. ಇನ್ನೆರಡು ದಿನಕ್ಕೆ ತುರ್ಕಿಗೆ ಹೋಗೋನಿದ್ದ, ದೊಡ್ಡ ಕ್ಲಬ್ಬಿನ ಆಯ್ಕೆಗೆ. ಅವನು ಹೋಗದಿದ್ರೆ ಆ ಜಾಗ ನಮ್ಮ ತಂಡದ ಜಫರ್‌ಗೆ."

\* \* \*

ಆಸ್ಪತ್ರೆಯಲ್ಲಿ ಮಿರ್ಶೋದ್ ಕತ್ತಿನಿಂದ ಸೊಂಟದವರೆಗೆ ಪಟ್ಟಿ ಸುತ್ತಿಕೊಂಡು ಮಲಗಿದ್ದ. ಎರಡೂ ಕೊರಳೆಲುಬು ಮುರಿದಿದ್ದವು. ತುರ್ಕಿ ಮುಗಿದ ಮಾತು. ಆದರೂ ಹೊದಿಕೆ ಮೀರಿ ಚಾಚಿದ್ದ ಆ ಕಾಲುಗಳೋ! ನನ್ನ ಹೊಟ್ಟೆ ನಾನೇ ಒಳಗೆಳೆದುಕೊಂಡೆ.

ಪಕ್ಕದಲ್ಲಿ ಉಲ್ಮಸ್ ಕೂತಿದ್ದ. ಮಿರ್ಶೋದನ ಬಾಲ್ಯದ ಗೆಳೆಯ, ಅದೇ ತಂಡದ ಬದಲಿ ಆಟಗಾರ. ಸ್ಟ್ರಾ ಹಿಡಿದು ಚಹಾ ಕುಡಿಸುತ್ತಿದ್ದ. ಅವನ ಕಣ್ಣು ಊದಿತ್ತು.

"ಹಿಮ್ಮಡಿ ಹಿಡಿದದ್ದು ಯಾರಪ್ಪ?" ಓಪಾ ಕೇಳಿದರು.

"ಯಾರೂ ಇಲ್ಲ, ಓಪಾ. ಏಣಿಗೆ ಕಾಲು ಸಿಕ್ಕಿಸಿದ್ದೆ. ಜಾರಿತು." ಮಿರ್ಶೋದ್ ಚಾವಣಿ ನೋಡಿಕೊಂಡು ಹೇಳಿದ.

ಓಪಾ ವಾದಿಸಲಿಲ್ಲ. ಹೊರಗೆ ಬಂದು ನರ್ಸ್ ಹತ್ತಿರ ಅವನ ಬಟ್ಟೆ ಕೇಳಿದರು. ಬಿಳಿ ಕಾಲುಚೀಲ ಒಂದು ಜೊತೆ. ಎಡದ್ದು ಹಾಲಿನ ಹಾಗೆ ಬೆಳ್ಳಗೆ. ಬಲದ್ದರ ಹಿಮ್ಮಡಿಯ ಮೇಲೆ ಹಳದಿ ಬೆರಳ ಗುರುತು, ಅಚ್ಚೊತ್ತಿದ ಹಾಗೆ.

"ಮೂಸು."

ಮೂಸಿದೆ. ಜೀರಿಗೆ. ಕುರಿಕೊಬ್ಬು. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ, ನಾಚಿಕೆ ಬಿಟ್ಟು ಹೊಟ್ಟೆ ಗುರ್ ಅಂತು.

"ಪಲಾವ್, ಓಪಾ!"

"ಹುಂ. ಊಟದಿಂದ ಎದ್ದು ಬಂದವನು. ಕೈ ತೊಳೆಯೋಕೂ ಪುರುಸೊತ್ತಿಲ್ಲದವನು."

\* \* \*

ಜಫರ್ ಮೈದಾನದ ಬೇಲಿಗೆ ಒರಗಿ ನಿಂತಿದ್ದ. ಬಾಯಿ ಜೋರು.

"ಹೌದು, ಹೊಟ್ಟೆಕಿಚ್ಚು ಇತ್ತು! ಬರೆದುಕೊಳ್ಳಿ. ಬಟ್ಟೆ ಬದಲಿಸೋ ಕೋಣೇಲಿ ಅವನು ಅಂಗಿ ತೆಗೆದ್ರೆ ನಾವೆಲ್ಲ ಗೋಡೆ ಕಡೆ ತಿರುಗ್ತಿದ್ವಿ. ಇವನೇನು ತಾಯಿ ಹೆತ್ತ ಮಗನಾ, ಗ್ಯಾರೇಜಲ್ಲಿ ಮಾಡಿದ್ದಾ ಅಂತ ನಾನೇ ರೇಗಿಸ್ತಿದ್ದೆ."

"ಹಿಮ್ಮಡಿ ನೀನೇ ಹಿಡಿದೆಯಾ?"

ಅವನು ಜೇಬಿನಿಂದ ಬಲಗೈ ತೆಗೆದ. ಬೆರಳ ತುದಿಯಿಂದ ಮುಂಗೈವರೆಗೆ ಪ್ಲಾಸ್ಟರ್.

"ಇದರಲ್ಲಿ? ಚೆಂಡು ತಾಗಿ ಬೆರಳು ಮುರಿದು ವಾರವಾಯ್ತು. ಮದುವೆಮನೇಲಿ ಎಡಗೈಯಲ್ಲಿ ಚಮಚ ಹಿಡಿದು ಮಗು ಹಾಗೆ ತಿಂದೆ. ಹಿರಿಯರೆಲ್ಲ ನಕ್ಕರು."

"ಒಂದು ತಟ್ಟೆಗೆ ಇಬ್ಬರಲ್ಲವಾ? ನಿನ್ನ ಜೊತೆ ಯಾರಿದ್ರು?"

"ಉಲ್ಮಸ್. ಅವನೂ ಸರಿಯಾಗಿ ತಿನ್ನಲಿಲ್ಲ. ಹಿರಿಯರು ಕೈಯೆತ್ತಿ ಮಿರ್ಶೋದ್‌ಗೆ ಒಳ್ಳೇದಾಗಲಿ ಅಂತ ಹರಸಿದ್ರು. ಇವನು ತುತ್ತು ಹಿಡಿದು ಹಾಗೇ ಕೂತಿದ್ದ. ಆಮೇಲೆ ಫೋನ್ ಬಂತು, ಎದ್ದು ಹೋದ. ಕೊನೇ ಪ್ರಾರ್ಥನೆಗೂ ಇರಲಿಲ್ಲ, ಕೈಗೆ ನೀರು ಹಾಕೋರು ಬರೋವರೆಗೂ ಕಾಯಲಿಲ್ಲ. ಹೀಗಾ ಏಳೋದು, ಮರ್ಯಾದೆ ಬೇಡ್ವಾ?"

ಓಪಾ ನನ್ನ ಕಡೆ ನೋಡಿದರು. ನಾನು ಗಾಡಿಯ ಕೀಲಿ ತೆಗೆದೆ.

\* \* \*

ಕಾಲುಚೀಲವನ್ನು ಓಪಾ ಮಿರ್ಶೋದನ ಹಾಸಿಗೆಯ ಮೇಲೆ ಹರಡಿದರು. ಉಲ್ಮಸ್ ಕೈಯಲ್ಲಿದ್ದ ಲೋಟ ಕೆಳಗಿಟ್ಟ.

"ನಾನೇ ಕರೆದಿದ್ದೆ, ಓಪಾ," ಅಂದ ಮಿರ್ಶೋದ್. "ದಿನಾ ಇವನೇ ಹಿಡಿಯೋದು. ಇವತ್ತು ಕೈಗೆ ಜಿಡ್ಡಿತ್ತು, ಜಾರಿತು. ಹೆದರಿ ಓಡಿಹೋದ. ಆಮೇಲೆ ಇಲ್ಲಿಗೆ ಬಂದು ಕಾಲಿಗೆ ಬಿದ್ದು ಅತ್ತ. ಪಾಪ, ಅದಕ್ಕೆ ಜೈಲಾ?"

"ಜಾರಿದ ಕೈ ಬಟ್ಟೆಯ ಮೇಲೆ ಉದ್ದಕ್ಕೆ ಗೀಚುತ್ತೆ," ಅಂದರು ಓಪಾ. "ಕೊಬ್ಬು ಹಿಮ್ಮಡಿಯಿಂದ ಪಾದದವರೆಗೆ ಬಳಿದುಕೊಂಡಿರಬೇಕಿತ್ತು. ಇದನ್ನ ನೋಡು. ಬೆರಳು ಬೆರಳೂ ಬೇರೆ ಬೇರೆ. ಬಿಗಿಯಾಗಿ ಹಿಡಿದಿತ್ತು, ಆಮೇಲೆ ತೆರೆದುಕೊಂಡಿದೆ."

"ನಿಮ್ಮ ಊಹೆ," ಉಲ್ಮಸ್ ಗೊಣಗಿದ.

"ಊಹೆನೇ ಇರಲಿ. ಏಣಿಯ ಪಟ್ಟಿಯಲ್ಲಿ ಧೂಳು ಹಾಗೇ ಇತ್ತು, ಅಂದ್ರೆ ಹಿಡಿದವನೊಬ್ಬ ಇದ್ದ. ಕಾಲುಚೀಲದಲ್ಲಿ ಪಲಾವಿನ ಕೊಬ್ಬು. ಪಾಕ್ ತಿಂದಿಲ್ಲ. ಜಫರ್ ತಿಂದದ್ದು ಚಮಚದಲ್ಲಿ, ಅವನ ಬೆರಳು ಮಡಚೋದೂ ಇಲ್ಲ. ಕೈ ತೊಳೆಯದೆ ಎದ್ದವನು ನೀನೊಬ್ಬನೇ."

ಮಿರ್ಶೋದ್ ತಲೆ ಎತ್ತಲಾಗದೆ ಕಣ್ಣಷ್ಟೇ ಹೊರಳಿಸಿ ಎರಡು ಕಾಲುಚೀಲ ನೋಡುತ್ತಿದ್ದ. ಬಲದ್ದು. ಎಡದ್ದು. ಮತ್ತೆ ಬಲದ್ದು. ನಾವು ತಿನ್ನುವುದು ಬಲಗೈಯಲ್ಲಿ ಮಾತ್ರ. ಅದನ್ನು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

"ಉಲ್ಮಸ್," ಅಂದ ಮೆಲ್ಲಗೆ. "ಬಲಗೈ ಜಾರಿತು ಅಂತಲೇ ಇಟ್ಕೋ. ಎಡಗೈಯಲ್ಲಿ ಜಿಡ್ಡಿರಲಿಲ್ಲ. ಅದನ್ನ ಯಾಕೆ ಬಿಟ್ಟೆ?"

ಉಲ್ಮಸ್ ತನ್ನ ಎಡಗೈ ನೋಡಿಕೊಂಡ.

"ಒಂದು ಕಾಲು ಹಿಡಿದಿದ್ರೂ ನಾನು ಪಕ್ಕಕ್ಕೆ ಹೊರಳ್ತಿದ್ದೆ ಕಣೋ. ನೇರ ಮುಖದ ಮೇಲೆ ಬೀಳ್ತಿರಲಿಲ್ಲ."

"ಮೂರು ವರ್ಷ!" ಉಲ್ಮಸ್ ಒಮ್ಮೆಲೇ ಕೂಗಿದ. ಬಾಗಿಲಲ್ಲಿ ನರ್ಸ್ ಇಣುಕಿದಳು. "ನೀನೆತ್ತಿದ ಭಾರ ನಾನೂ ಎತ್ತಿದೆ. ನೀನು ತಿಂದ ಮೊಟ್ಟೆ, ನೀನು ತಿಂದ ಕುದುರೆಮಾಂಸ, ಅದೇ ಗುಡ್ಡ, ಅದೇ ಓಟ. ನಿನ್ನ ಅಂಗಿ ವರ್ಷ ವರ್ಷ ಹರಿದುಹೋಯ್ತು. ನನ್ನದು ಹಾಗೇ ಜೋತಾಡ್ತಿದೆ. ದಿನಾ ನಿನ್ನ ಹಿಂದೆ ಕೂತು ಆ ತೊಡೆ ಉಬ್ಬೋದನ್ನ ನೋಡಿದ್ದೀನಿ. ನಾನು ಹಿಡಿದಿದ್ದಕ್ಕೇ ಉಬ್ಬಿದ್ದು ಅದು! ಮದುವೇಲಿ ಒಬ್ಬರಾದ್ರೂ ನನ್ನ ಹೆಸರು ಎತ್ತಿದ್ರಾ? ಇವತ್ತು ನೀನು ಬಾಗಿದೆ, ತೊಡೆ ಎದ್ದು ನಿಂತಿತು... ಕೈ ತೆರೆದೆ."

"ಜಾರಿತು ಅಂತಲೇ ನಂಬಿದ್ದೆ," ಅಂದ ಮಿರ್ಶೋದ್. ಕಣ್ಣಿಂದ ಇಳಿದ ನೀರು ಒರೆಸಿಕೊಳ್ಳಲು ಅವನಿಗೆ ಕೈ ಎತ್ತಲಾಗಲಿಲ್ಲ. ಅಭ್ಯಾಸದಿಂದ ಉಲ್ಮಸನ ಕೈ ಮುಂದೆ ಹೋಯಿತು. ಮಿರ್ಶೋದ್ ಮುಖ ತಿರುಗಿಸಿದ.

"ದೂರು ಬರೆದುಕೊಳ್ಳಿ, ಓಪಾ."

ನಾನು ಉಲ್ಮಸನ ತೋಳು ಹಿಡಿದೆ. ಮೂರು ವರ್ಷ ಕಬ್ಬಿಣ ಎತ್ತಿದ ತೋಳು. ನನ್ನ ಒಂದೇ ಹಿಡಿಗೆ ಪೂರ್ತಿ ಸಿಕ್ಕಿತು.

"ಸಡಿಲ ಬಿಡಿ ಅಣ್ಣಾ," ಅಂದ ಅವನು. "ನಾನೆಲ್ಲೂ ಓಡಲ್ಲ."

ನಾನು ಬಿಡಲಿಲ್ಲ.