ಅಕ್ಕಸಾಗರದ ಅರಿಶಿನ ಪರದೆ

ಬಹಳ ಹಿಂದೆ, ಬೆಟ್ಟಗಳು ಇನ್ನೂ ಮನುಷ್ಯರ ಕೂಗಿಗೆ ಓಗೊಡುತ್ತಿದ್ದ ಕಾಲದಲ್ಲಿ, ತೊರೆಗಾವಲು ಎಂಬ ರಾಜ್ಯವಿತ್ತು. ಆ ರಾಜ್ಯಕ್ಕೆಲ್ಲ ಒಂದೇ ಕೆರೆ, ಅಕ್ಕಸಾಗರ. ಜನ ಅದರ ನೀರನ್ನೇ ಕುಡಿಯುತ್ತಿದ್ದರು, ಅದರ ನೀರಲ್ಲೇ ದೇವರಿಗೆ ಅಭಿಷೇಕ ಮಾಡುತ್ತಿದ್ದರು. ಅರಮನೆಗೆ ಮಾತ್ರ ಬೆಟ್ಟದ ಚಿಲುಮೆಯಿಂದ ನೀರು ಬರುತ್ತಿತ್ತು.

ಮೂರು ತಲೆಮಾರಿನ ಅರಸರಿಗೆ ದುಡಿದು ಸವೆದ ಬೊಮ್ಮರಸ ಅಲ್ಲಿನ ಮಂತ್ರಿ. ಸಾಕಪ್ಪಾ ದೇವರೇ ಎಂದುಕೊಂಡೇ ಬೆಳಗ್ಗೆ ಏಳುವನು, ಎದ್ದ ಮೇಲೆ ಕೆಲಸ ಬಿಡುವವನಲ್ಲ.

ಹೀಗಿರಲು ಕೆರೆಯ ಮೇಲ್ದಂಡೆಗೆ ನೀಲಕೇತ ಎಂಬ ಮಾಂತ್ರಿಕ ಬಂದು ಬಟ್ಟೆಗೆ ಬಣ್ಣ ಹಾಕುವ ದೊಡ್ಡ ಬಾನಿಗಳನ್ನು ಹೂಡಿದ. ಅವನು ಅದ್ದಿದ ಬಟ್ಟೆ ಎಷ್ಟು ಒಗೆದರೂ ಮಾಸದು, ನವಿಲಿನಂತೆ ಹೊಳೆಯುವುದು. ಎಳೆಯ ಅರಸ ಕೀರ್ತಿಪಾಲ ಆ ಬಣ್ಣಕ್ಕೆ ಮರುಳಾದ. ಬಾನಿಗಳ ಕೊಳೆಯೆಲ್ಲ ಕೆರೆಗೆ ಇಳಿಯಿತು. ಆದರೆ ಕೆರೆಯ ತಳದಲ್ಲಿ ಮಾಂತ್ರಿಕ ಒಂದು ನೀಲಿ ಮೊಸಳೆಯನ್ನು ಮಲಗಿಸಿದ್ದ. ಅದು ಉಸಿರು ಬಿಟ್ಟಾಗಲೆಲ್ಲ ನೀರಿಗೆ ಮಾಯೆ ಕವಿಯುತ್ತಿತ್ತು. ಕೆರೆಯಲ್ಲಿ ನೋಡಿದರೂ ತಿಳಿ, ಕೊಡದಲ್ಲಿ ನೋಡಿದರೂ ತಿಳಿ. ಕಹಿ ಎಂದವರಿಗೆ ನಾಲಿಗೆಯದೇ ದೋಷ ಎಂದರು ಅರಮನೆಯವರು. ಊರಲ್ಲಿ ಹೊಟ್ಟೆನೋವು ಹಬ್ಬಿತು. ಬೊಮ್ಮರಸನ ಮೊಮ್ಮಗಳು ಮಲ್ಲಾಜಿಯೂ ಹಾಸಿಗೆ ಹಿಡಿದಳು.

ಆ ಆಸ್ಥಾನದಲ್ಲಿ ಒಂದು ಹಳೆಯ ಪದ್ಧತಿ. ಅರಸನ ಮುತ್ತಜ್ಜನ ಮುಂದೆ ಪಂಡಿತರೂ ಆಟದವರೂ ಒಮ್ಮೆ ಕಚ್ಚಾಡಿ, ಅವನಿಗೆ ತಲೆನೋವು ಬಂದಿತ್ತಂತೆ. ಅಂದಿನಿಂದ ಸೋಮವಾರ ಪಂಡಿತರಿಗೆ ಮೂಡಣ ಬಾಗಿಲು, ಬುಧವಾರ ಕಲಾವಿದರಿಗೆ ಪಡುವಣ ಬಾಗಿಲು, ಶುಕ್ರವಾರ ಅಧಿಕಾರಿಗಳಿಗೆ ತೆಂಕಣ ಬಾಗಿಲು. ಒಬ್ಬರ ದಿನ ಇನ್ನೊಬ್ಬರು ಹೊಸ್ತಿಲು ಮೆಟ್ಟುವಂತಿಲ್ಲ. ಈ ಪದ್ಧತಿಯನ್ನು ಕಾಯುವವನು ಬೊಮ್ಮರಸನೇ.

ಸೋಮವಾರ ನೀರಿನ ಗುಣ ಬಲ್ಲ ಪಂಡಿತ ತ್ರಿಯಂಬಕ ಭಟ್ಟರು ಬಂದು, "ಪ್ರಭು, ಕೆರೆಯ ನೀರಿಗೆ ಕ್ಷಾರದೋಷ ಕೂಡಿದೆ," ಎಂದು ಶ್ಲೋಕಗಳ ಸಮೇತ ಹೇಳಿದರು. ಅರಸ ಆಕಳಿಸಿದ. ಕಿಟಕಿಯಿಂದ ಕೆರೆ ನೋಡಿದ. ಕೆರೆ ಕನ್ನಡಿಯಂತೆ ತಿಳಿಯಾಗಿತ್ತು.

ಬುಧವಾರ ತೊಗಲುಗೊಂಬೆ ಆಡಿಸುವ ಗಿರಿಯವ್ವ ಬಂದು, ಮೀನುಗಳು ಸಾಯುವ ಆಟ ಆಡಿಸಿದಳು. ಅರಸ ಕಣ್ಣೊರೆಸಿಕೊಂಡ. "ಚೆನ್ನಾಗಿ ಕಲ್ಪಿಸಿದ್ದೀಯವ್ವಾ," ಅಂದ. ಕೆರೆ ನೋಡಿದ. ಕೆರೆ ಕನ್ನಡಿಯಂತೆ ತಿಳಿಯಾಗಿತ್ತು.

ಶುಕ್ರವಾರ ಬೊಮ್ಮರಸನೇ ಬಾನಿಗಳನ್ನು ಮುಚ್ಚಿಸುವ ಆಜ್ಞೆ ಬರೆದು ತಂದ. "ಕಣ್ಣಿಗೆ ಕಾಣದ ತಪ್ಪಿಗೆ ಮುದ್ರೆ ಒತ್ತಲೇ, ಮಂತ್ರಿಗಳೇ?" ಅಂದ ಅರಸ. ಕೆರೆ ನೋಡಿದ. ಕೆರೆ ಕನ್ನಡಿಯಂತೆ ತಿಳಿಯಾಗಿತ್ತು. "ಅಷ್ಟೇ ಅಲ್ಲ, ಬರುವ ಹುಣ್ಣಿಮೆಗೆ ಅಕ್ಕಸಾಗರವನ್ನು ನೀಲಕೇತನಿಗೆ ಧಾರೆ ಎರೆದು ಕೊಡುತ್ತೇನೆ."

ಧಾರೆ ಎರೆದ ಮೇಲೆ ಮುಗಿಯಿತು. ಕೊಟ್ಟದ್ದನ್ನು ದೇವರೂ ಹಿಂದಕ್ಕೆ ಕೇಳುವಂತಿಲ್ಲ. ಬೊಮ್ಮರಸ ಮನೆಗೆ ಹೋಗಿ ಮೊಮ್ಮಗಳ ತಲೆದೆಸೆಯಲ್ಲಿ ಕೂತ. ಮಗು ನೀರು ಕೇಳಿತು. ಕೊಡಲು ಅವನ ಕೈ ಏಳಲಿಲ್ಲ.

ಮರುದಿನ ಅವನು ಪಂಡಿತರನ್ನೂ ಗಿರಿಯವ್ವನನ್ನೂ ತನ್ನ ಜಗಲಿಗೆ ಕರೆಸಿದ. "ಬೇರೆ ಬೇರೆ ಹೋದೆವು, ಬೇರೆ ಬೇರೆ ಸೋತೆವು. ನನಗೂ ಸಾಕಾಗಿದೆ. ಒಂದು ಸಲ ಒಟ್ಟಿಗೆ ಸೋತು ನೋಡೋಣ," ಅಂದ.

ಪಂಡಿತರು ಹೇಳಿದರು: "ಸುಣ್ಣ, ಚೌಳುಮಣ್ಣು ಹಾಕದೆ ಬಾನಿಯಲ್ಲಿ ಬಣ್ಣ ಕೂರದು. ಆ ನೀರು ಅರಿಶಿನಕ್ಕೆ ಸೋಕಿದರೆ ಅರಿಶಿನ ಕೆಂಪಾಗಲೇಬೇಕು. ಮಾಯೆ ಇರುವುದು ನೀರಿಗೆ, ಅರಿಶಿನಕ್ಕಲ್ಲ."

"ಅಯ್ಯೋ, ಆರತಿಗೆ ಕದಡುವ ಓಕುಳಿ ಅಲ್ಲವೇ ಅದು!" ಅಂದಳು ಗಿರಿಯವ್ವ. " ಸೋಮವಾರವೇ ಹೀಗೆ ಹೇಳೋದಕ್ಕೆ ಏನಾಗಿತ್ತು ಭಟ್ಟರೇ?"

"ಹೇಳಿದೆನಲ್ಲವ್ವಾ, ಕ್ಷಾರ ಎಂದು!"

"ಕ್ಷಾರ ಅಂದರೆ ನನ್ನ ಗೊಂಬೆಗಳೂ ತೂಕಡಿಸುತ್ತವೆ, ಸ್ವಾಮಿ. ಇರಲಿ, ಆಟದ ಪರದೆಯನ್ನೇ ಅರಿಶಿನದಲ್ಲಿ ಅದ್ದುತ್ತೇನೆ. ಮೀನು ಅಳುವಾಗ ನೀರು ಚಿಮುಕಿಸೋಣ."

"ಮೀನಿಗೆ ಕಣ್ಣೀರಿಲ್ಲ."

"ನೋಡುವವರಿಗೆ ಉಂಟು."

ಪಂಡಿತರು ಒಪ್ಪಿದರು. "ಆಗಲಿ. ಆದರೆ ಮೊದಲು ಚಿಲುಮೆಯ ನೀರನ್ನೂ ಚಿಮುಕಿಸಬೇಕು. ಅದಕ್ಕೆ ಪರದೆ ಕೆಂಪಾಗಬಾರದು, ಇದಕ್ಕೆ ಆಗಬೇಕು. ಎರಡೂ ಕಂಡರೆ ಸಾಕ್ಷಿ. ಒಂದೇ ಕಂಡರೆ ಕಣ್ಕಟ್ಟು."

ಹುಣ್ಣಿಮೆಯ ಬೆಳಗ್ಗೆ ಮೂವರೂ ತೆಂಕಣ ಬಾಗಿಲಿಗೆ ಬಂದರು. ಕಾವಲಿನವನು ಈಟಿ ಅಡ್ಡ ಹಿಡಿದ. "ಇದೇನು ಬುದ್ಧೀ, ಪದ್ಧತಿ ಕಾಯುವವರೇ ಹೀಗೆ? ಅರಸರಿಗೆ ತಲೆನೋವು ಬಂದರೆ?"

"ಬರಲಪ್ಪಾ. ಊರಿನ ಹೊಟ್ಟೆನೋವಿಗಿಂತ ಅರಸರ ತಲೆನೋವು ವಾಸಿ," ಅಂದ ಬೊಮ್ಮರಸ. ತನ್ನ ಕೈಯಾರೆ ಬಾಗಿಲು ತೆರೆದು ಅವರಿಬ್ಬರನ್ನು ಮುಂದೆ ಬಿಟ್ಟ.

ಸಭೆಯಲ್ಲಿ ನೀಲಕೇತ ಕೈಯೊಡ್ಡಿ ನಿಂತಿದ್ದ. ಅರಸನ ಕೈಯಲ್ಲಿ ಬೆಳ್ಳಿ ಗಿಂಡಿ, ಅದರಲ್ಲಿ ಚಿಲುಮೆಯ ನೀರು.

"ತಡೆಯಿರಿ ಪ್ರಭು," ಅಂದ ಬೊಮ್ಮರಸ. "ಕೆರೆ ಕೊಡುವಾಗ ಆ ಕೆರೆಯ ನೀರಿನಿಂದಲೇ ಧಾರೆ ಎರೆಯಬೇಕು, ಪಡೆಯುವವನು ಮೊದಲು ಅದರಲ್ಲೊಂದು ಗುಟುಕು ಕುಡಿಯಬೇಕು. ನಿಮ್ಮ ಮುತ್ತಜ್ಜನವರ ಕಾಲದ ನೇಮ. ನೀರು ತಂದಿದ್ದೇನೆ. ಅದಕ್ಕೆ ಮೊದಲು ಕೆರೆಯ ಕತೆ ಆಗಲಿ."

ಗಿರಿಯವ್ವ ಹಳದಿ ಪರದೆ ಕಟ್ಟಿದಳು. ಗೊಂಬೆ ಮೀನು ಈಜಿತು, ಮರಿಗಳನ್ನು ಕರೆಯಿತು. ಪಂಡಿತರ ಮಾತಿನಂತೆ ಅರಸ ತಾನೇ ಚಿಲುಮೆಯ ನೀರು ಚಿಮುಕಿಸಿದ. ಪರದೆ ಹಳದಿಯಾಗಿಯೇ ಉಳಿಯಿತು. ಆಮೇಲೆ ಗಿಂಡಿ ಬರಿದು ಮಾಡಿ, ಬೊಮ್ಮರಸ ತಂದಿದ್ದ ಅಕ್ಕಸಾಗರದ ನೀರು ತುಂಬಿಸಿ ಚಿಮುಕಿಸಿದ. ಹನಿ ಬಿದ್ದಲ್ಲೆಲ್ಲ ಪರದೆ ಕೆಂಪಾಯಿತು. ಮೀನಿನ ಕಣ್ಣಿಂದ ಬಾಲದವರೆಗೆ ಕೆಂಪು ಇಳಿಯಿತು.

"ಇದು ಮುದುಕಿಯ ಮೋಡಿ!" ಎಂದು ನೀಲಕೇತ ಕೂಗಿದ.

"ಹಾಗಾದರೆ ಕುಡಿ," ಅಂದ ಅರಸ, ಗಿಂಡಿ ಮುಂದೆ ಹಿಡಿದು. "ಒಂದೇ ಗುಟುಕು."

ಮಾಂತ್ರಿಕ ಗಿಂಡಿ ನೋಡಿದ, ಹಿಂದೆ ಸರಿದ, ಮತ್ತೂ ಸರಿದ. ಅರಸ ಬೊಮ್ಮರಸನಿಂದ ಬಾನಿ ಮುಚ್ಚಿಸುವ ಆಜ್ಞೆಯ ಓಲೆ ಕೇಳಿ ಪಡೆದು ಮುದ್ರೆ ಒತ್ತಿದ. ಅರಸನ ಒಪ್ಪಿಗೆಯೇ ಆ ಮಾಯೆಯ ಬಲ; ಮುದ್ರೆ ಬಿದ್ದ ಕೂಡಲೇ ಕೆರೆಯ ತಳದ ಮೊಸಳೆ ಒಂದು ಸಲ ಕೆಮ್ಮಿ, ಬಣ್ಣ ಕಳೆದುಕೊಂಡು, ಬರಿ ಮೊಸಳೆಯಾಗಿ ಹೊಳೆಯ ಕಡೆಗೆ ಹೋಯಿತು. ನೀಲಕೇತ ನಿಂತಲ್ಲೇ ಕರಗಿ ನೆಲದ ಮೇಲೊಂದು ಕಲೆಯಾದ.

ಮಾಯೆ ಹರಿದ ಅಕ್ಕಸಾಗರ ಹೇಗಿತ್ತೋ ಹಾಗೇ ಕಂಡಿತು. ಕಪ್ಪಗೆ, ನೊರೆಗಟ್ಟಿ. ಹೆಂಗಸರು ದಂಡೆಯ ಮೇಲೆ ನಿಂತು ಅತ್ತರು.

"ಮಾಂತ್ರಿಕ ಸತ್ತನಲ್ಲ, ಇನ್ನೇನು?" ಅಂದ ಅರಸ.

"ಇನ್ನು ಕೆಲಸ, ಪ್ರಭು."

ಕೆಲಸವೇ ಆಯಿತು. ಊರಿಗೆಲ್ಲ ಚಿಲುಮೆಯ ನೀರು ಹಂಚುವಂತೆ ಬೊಮ್ಮರಸ ಕಾಲುವೆ ತೋಡಿಸಿದ. ಹೂಳೆತ್ತುವ ಬಗೆಯನ್ನು ಪಂಡಿತರು ಹೇಳಿದರು, ಅದನ್ನು ಗಿರಿಯವ್ವ ಊರೂರಿಗೆ ಆಡಿ ತೋರಿಸಿದಳು. ಮೂವರೂ ಒಂದೇ ಚಾಪೆಯ ಮೇಲೆ ಕೂತು ದಿನವೂ ಜಗಳಾಡಿದರು. ಮಳೆಗಾಲಗಳು ಬಂದವು, ಹೋದವು. ಮಲ್ಲಾಜಿ ಎದ್ದು ಓಡಾಡಿದಳು. ಜನ ನೆಮ್ಮದಿಯಿಂದ ಬಾಳಿದರು.

ಒಂದು ಸಂಜೆ ಬೊಮ್ಮರಸ ಅಕ್ಕಸಾಗರದ ಮೆಟ್ಟಿಲ ಮೇಲೆ ಕೂತು ನೀರಿಗೆ ಕಾಲಿಳಿಬಿಟ್ಟಿದ್ದ. ಏನೋ ಬೆರಳು ಕಚ್ಚಿತು. ಬಗ್ಗಿ ನೋಡಿದ. ಉಗುರಿನಷ್ಟು ಮೀನುಮರಿ.

"ಏಳಿ ಮಂತ್ರಿಗಳೇ, ಭಟ್ಟರು ಮತ್ತೆ ಕೂಗಾಡುತ್ತಿದ್ದಾರೆ," ಎಂದು ಮೇಲಿನಿಂದ ಗಿರಿಯವ್ವ ಕರೆದಳು.

"ಕೂಗಾಡಲಿ ಬಿಡವ್ವಾ," ಅಂದ ಬೊಮ್ಮರಸ. "ನಾನು ಕಾಲು ತೆಗೆದರೆ ಈ ಮರಿ ಹೆದರೀತು."